ಪೂರ್ವಪಕ್ಷವನ್ನು ಕೇಳುವ ನೇಮ

ಭಾರತೀಯ ಶಾಸ್ತ್ರಗ್ರಂಥಗಳ ರಚನಾಕ್ರಮದಲ್ಲಿ ಒಂದು ಉದಾತ್ತವಾದ ಸಂಪ್ರದಾಯವುಂಟು. ಶಾಸ್ತ್ರಕಾರನು ತನ್ನ ಸಿದ್ಧಾಂತವನ್ನು ಸ್ಥಾಪಿಸುವುದಕ್ಕೆ ಮೊದಲು ಪ್ರತಿವಾದಿಯ ಮತವನ್ನು ನಿರೂಪಿಸುತ್ತಾನೆ. ಇದಕ್ಕೆ ಪೂರ್ವಪಕ್ಷವೆಂದು ಹೆಸರು. ಎದುರಾಳಿಯ ಮಾತನ್ನು ಬಲಗುಂದಿಸಿ ಹೇಳಿ ಅದನ್ನು ಸುಲಭವಾಗಿ ಖಂಡಿಸಿದವನಿಗೆ ವಿದ್ವಜ್ಜನರಲ್ಲಿ ಗೌರವವಿರಲಿಲ್ಲ. ಪ್ರತಿವಾದಿಯೇ ಎದುರಿಗೆ ನಿಂತು ಕೇಳಿದರೂ, "ಅಹುದು, ನನ್ನ ಅಭಿಪ್ರಾಯವು ಇದೇ" ಎಂದು ಒಪ್ಪುವಂತೆ ಅವನ ಮತವನ್ನು ಹೇಳಿ, ಅನಂತರ ಅದಕ್ಕೆ ಉತ್ತರ ಕೊಡಬೇಕು. ಇದೇ ವಾದಧರ್ಮ. ಕೇಳದೆ ಖಂಡಿಸುವುದು ಜಯವಲ್ಲ, ಅದು ಕೇವಲ ಗದ್ದಲ.

ಈ ಧರ್ಮವು ಪಂಡಿತರಿಗೆ ಮಾತ್ರ ಸಂಬಂಧಿಸಿದುದೆಂದು ಒಂದು ಕಾಲದಲ್ಲಿ ಹೇಳಬಹುದಾಗಿತ್ತು. ವಾದವು ಸಭೆಯಲ್ಲಿ ನಡೆಯುತ್ತಿತ್ತು, ಸಭೆಗೆ ಅಧ್ಯಕ್ಷನಿದ್ದನು, ಎದುರಾಳಿಯ ಮಾತನ್ನು ತಿರುಚಿದವನನ್ನು ಅಲ್ಲಿಯೇ ತಡೆದು ಕೇಳುವವರಿದ್ದರು. ಈಗಿನ ಸ್ಥಿತಿಯು ಬೇರೆ. ಎದುರುಪಕ್ಷದ ಮಹಾಸಭೆಯು ದೂರದರ್ಶನದ ಮೂಲಕ ಗೃಹಸ್ಥನ ಪಡಸಾಲೆಗೇ ಬಂದು ನಿಲ್ಲುತ್ತದೆ. ಅಲ್ಲಿ ಅಧ್ಯಕ್ಷನೂ ಇಲ್ಲ, ಪ್ರತಿವಾದಿಯೂ ಇಲ್ಲ. ನೋಡುವವನು ನ್ಯಾಯವಾಗಿ ಕೇಳಿದನೋ ಅನ್ಯಾಯವಾಗಿ ಕೇಳಿದನೋ ಎಂಬುದನ್ನು ಅವನ ಮನಸ್ಸಾಕ್ಷಿಯೊಂದೇ ಬಲ್ಲದು. ತಾನು ಒಪ್ಪದ ಪಕ್ಷದ ಸಭೆಯನ್ನು ತನ್ನ ಮನೆಯಲ್ಲಿ ಕುಳಿತು ನೋಡುವ ಮನುಷ್ಯನ ಧರ್ಮವೇನು? ಅವನು ಅದನ್ನು ನೋಡಲೇಬೇಕೆ? ನೋಡುವುದಾದರೆ ಯಾವ ಭಾವದಿಂದ ನೋಡಬೇಕು? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆಯಾಗಿ ಕಂಡರೂ ವಿಚಾರಮಾಡುತ್ತ ಹೋದಂತೆ ಅಂತರಂಗಶುದ್ಧಿಯ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಇದನ್ನು ವಿವೇಚಿಸುವುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉದಾಹರಣೆಯು ಬಹಳ ತಕ್ಕುದಾಗಿದೆ. ಅಲ್ಲಿ ನಾಲ್ಕು ವರ್ಷಗಳಿಗೊಮ್ಮೆ, ಅಧ್ಯಕ್ಷರ ಚುನಾವಣೆಗೆ ಮುಂಚಿನ ಬೇಸಗೆಯಲ್ಲಿ, ಪಕ್ಷಗಳು ತಮ್ಮ ತಮ್ಮ ರಾಷ್ಟ್ರೀಯ ಅಧಿವೇಶನಗಳನ್ನು ನೆರೆಯಿಸುತ್ತವೆ. ರಾಜ್ಯರಾಜ್ಯಗಳಿಂದ ಬಂದ ಪ್ರತಿನಿಧಿಗಳು ಪಕ್ಷದ ಅಭ್ಯರ್ಥಿಯನ್ನು ವಿಧಿಪೂರ್ವಕವಾಗಿ ಆರಿಸುತ್ತಾರೆ. ಪಕ್ಷದ ಧ್ಯೇಯಧೋರಣೆಗಳನ್ನು ಘೋಷಿಸುತ್ತಾರೆ. ಡೆಮಾಕ್ರಟಿಕ್ ಪಕ್ಷವು ಇಂತಹ ಮೊದಲನೆಯ ಅಧಿವೇಶನವನ್ನು 1832ರಲ್ಲಿ ಬಾಲ್ಟಿಮೋರ್ ನಗರದಲ್ಲಿ ನಡೆಸಿತು. ರಿಪಬ್ಲಿಕನ್ ಪಕ್ಷವು ತನ್ನ ಮೊದಲನೆಯ ಅಧ್ಯಕ್ಷಾಭ್ಯರ್ಥಿಯನ್ನು 1856ರಲ್ಲಿ ಫಿಲಡೆಲ್ಫಿಯದಲ್ಲಿ ಆರಿಸಿತು. ಈ ಸಭೆಗಳಿಗೂ ಕನ್ನಡನಾಡಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಇಲ್ಲಿಂದ ಹೋಗಿ ಆ ದೇಶದ ಪೌರರಾಗಿ ಮತ ಚಲಾಯಿಸುವ ಕುಟುಂಬಗಳು ಅನೇಕವಿವೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಜನಿಸಿದ ಶ್ರೀ ಥಾನೇದಾರ್ ಎಂಬವರು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಮಿಶಿಗನ್ ರಾಜ್ಯದಿಂದ 2022ರಲ್ಲಿ ಅಲ್ಲಿಯ ಪ್ರತಿನಿಧಿಸಭೆಗೆ ಆಯ್ಕೆಯಾದರು. ಅಂತಹ ಕುಟುಂಬಗಳಲ್ಲಿ ತಂದೆಯು ಒಂದು ಪಕ್ಷಕ್ಕೂ ಮಗಳು ಇನ್ನೊಂದು ಪಕ್ಷಕ್ಕೂ ಒಲಿದರೆ, ಒಂದೇ ಪಡಸಾಲೆಯಲ್ಲಿ ಒಬ್ಬರ ಸ್ವಪಕ್ಷವು ಇನ್ನೊಬ್ಬರಿಗೆ ಪರಪಕ್ಷವಾಗುತ್ತದೆ. ಆದುದರಿಂದ ಈ ವಿಚಾರವು ಇಲ್ಲಿಯ ಬಂಧುಗಳಿಗೂ ಅಪ್ರಸ್ತುತವಲ್ಲ.

ಎದುರುಪಕ್ಷದ ಸಭೆಯು ಮನೆಯನ್ನು ಪ್ರವೇಶಿಸಿದ ಬಗೆಯನ್ನು ಮೊದಲು ಅವಲೋಕಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಗೃಹಸ್ಥನು ಆ ಸಭೆಯ ವೃತ್ತಾಂತವನ್ನು ಪತ್ರಿಕೆಯಲ್ಲಿ ಓದುತ್ತಿದ್ದನು. ಅಂದಿನ ಪತ್ರಿಕೆಗಳಲ್ಲಿ ಬಹುಭಾಗವು ಯಾವುದಾದರೊಂದು ಪಕ್ಷಕ್ಕೆ ಕಟ್ಟುಬಿದ್ದವು. ಹೀಗಾಗಿ ಪರಪಕ್ಷದ ಮಾತು ಸ್ವಪಕ್ಷದವರ ಬಾಯಿಂದಲೇ ಕಿವಿಗೆ ಬೀಳುತ್ತಿತ್ತು. 1924ರಲ್ಲಿ ಎರಡು ಅಧಿವೇಶನಗಳೂ ರೇಡಿಯೋದಲ್ಲಿ ಪ್ರಸಾರವಾದವು. ಆ ವರ್ಷ ನ್ಯೂಯಾರ್ಕಿನಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷದವರು ಒಬ್ಬ ಅಭ್ಯರ್ಥಿಯನ್ನು ಆರಿಸುವುದಕ್ಕೆ 103 ಸಲ ಮತ ಹಾಕಬೇಕಾಯಿತು. ಆ ಮನೆಯ ಜಗಳವನ್ನು ಮಿತ್ರರೂ ಎದುರಾಳಿಗಳೂ ಸಮಾನವಾಗಿ ಕೇಳಿದರು. 1948ರಲ್ಲಿ ಎರಡು ಪಕ್ಷಗಳೂ ಫಿಲಡೆಲ್ಫಿಯದಲ್ಲಿ ಸೇರಿದಾಗ ಪೂರ್ವತೀರದ ನಗರಗಳ ಮನೆಗಳಿಗೆ ದೂರದರ್ಶನದ ಚಿತ್ರಗಳು ತಲಪಿದವು. ಆ ನಗರವನ್ನು ಆರಿಸಿಕೊಂಡ ಕಾರಣಗಳಲ್ಲಿ ದೂರದರ್ಶನದ ತಂತಿಮಾರ್ಗವು ಅಲ್ಲಿ ಹಾದುಹೋಗಿದ್ದುದೂ ಒಂದು. ಮಿನಿಯಾಪೊಲಿಸ್ ನಗರದ ಮೇಯರಾಗಿದ್ದ ಹ್ಯೂಬರ್ಟ್ ಹಂಫ್ರಿಯವರು ಕರಿಯ ಜನರ ಪೌರಹಕ್ಕುಗಳಿಗಾಗಿ ತಮ್ಮ ಪಕ್ಷದ ಮುಂದೆಯೇ ವಾದಿಸಿದುದೂ, ದಕ್ಷಿಣ ರಾಜ್ಯಗಳ ಕೆಲವು ಪ್ರತಿನಿಧಿಗಳು ಸಭೆಯಿಂದ ಎದ್ದು ನಡೆದುದೂ ಆ ವರ್ಷದ ಡೆಮಾಕ್ರಟಿಕ್ ಅಧಿವೇಶನದಲ್ಲಿಯೇ. 1952ರಲ್ಲಿ ಎರಡು ಪಕ್ಷಗಳೂ ಷಿಕಾಗೋ ನಗರದ ಒಂದೇ ಸಭಾಂಗಣದಲ್ಲಿ, ಒಂದೇ ತಿಂಗಳಲ್ಲಿ ಸೇರಿದವು. ಆಗ ಸಮುದ್ರದಿಂದ ಸಮುದ್ರದವರೆಗೆ ಇಡೀ ದೇಶವು ಅವುಗಳನ್ನು ಮನೆಯಲ್ಲಿ ಕುಳಿತು ಕಂಡಿತು.

ಆ ದಿನಗಳಲ್ಲಿ ನೋಡುವವನಿಗೆ ಆಯ್ಕೆಯು ಬಹಳ ಕಡಿಮೆಯಿತ್ತು. ದೇಶವ್ಯಾಪಿಯಾದ ಪ್ರಮುಖ ಪ್ರಸಾರಸಂಸ್ಥೆಗಳು ಸಿ.ಬಿ.ಎಸ್., ಎನ್.ಬಿ.ಸಿ. ಮತ್ತು ಎ.ಬಿ.ಸಿ. ಎಂಬ ಮೂರು. ಅಧಿವೇಶನವು ನಡೆಯುತ್ತಿರುವಾಗ ಮೂರೂ ಅದನ್ನೇ ತೋರಿಸುತ್ತಿದ್ದವು. ದೂರದರ್ಶನವನ್ನು ಹಚ್ಚಿದವನಿಗೆ ತನ್ನ ಪಕ್ಷದ ಸಭೆಯಂತೆಯೇ ಎದುರುಪಕ್ಷದ ಸಭೆಯೂ ಕಣ್ಣಿಗೆ ಬೀಳುವುದು ಅನಿವಾರ್ಯವಾಗಿತ್ತು. 1968ರಲ್ಲಿ ಎ.ಬಿ.ಸಿ. ಸಂಸ್ಥೆಯು ಆದ್ಯಂತ ಪ್ರಸಾರವನ್ನು ಬಿಟ್ಟು ರಾತ್ರಿಯ ಸುಮಾರು ಒಂದೂವರೆ ಗಂಟೆಗೆ ಅದನ್ನು ಮಿತಿಗೊಳಿಸಿತು. ಕಾಲಕ್ರಮದಲ್ಲಿ ಉಳಿದವೂ ಅದೇ ದಾರಿಯನ್ನು ಹಿಡಿದವು. 1980ರಲ್ಲಿ ಸಿ.ಎನ್.ಎನ್., 1996ರಲ್ಲಿ ಎಂ.ಎಸ್.ಎನ್.ಬಿ.ಸಿ. ಮತ್ತು ಫಾಕ್ಸ್ ನ್ಯೂಸ್ ವಾಹಿನಿಗಳು ಆರಂಭವಾದವು. ಒಂದೊಂದು ಒಲವಿನ ಜನರಿಗೆ ಒಂದೊಂದು ವಾಹಿನಿಯು ನೆಚ್ಚಿನದಾಯಿತು. 2020ರಲ್ಲಿ ರಿಪಬ್ಲಿಕನ್ ಅಧಿವೇಶನವನ್ನು ಅತಿ ಹೆಚ್ಚು ಜನರು ನೋಡಿದುದು ಫಾಕ್ಸ್ ನ್ಯೂಸ್ ವಾಹಿನಿಯಲ್ಲಿ. ಡೆಮಾಕ್ರಟಿಕ್ ಅಧಿವೇಶನವನ್ನು ಅತಿ ಹೆಚ್ಚು ಜನರು ನೋಡಿದುದು ಎಂ.ಎಸ್.ಎನ್.ಬಿ.ಸಿ.ಯಲ್ಲಿ. ಇನ್ನು ಮೊಬೈಲಿನಲ್ಲಿಯಂತೂ ನಾಲ್ಕು ದಿನಗಳ ಸಭೆಯು ಅರೆನಿಮಿಷದ ತುಣುಕುಗಳಾಗಿ ಬರುತ್ತದೆ. ಎದುರುಪಕ್ಷದವರ ಹಾಸ್ಯಾಸ್ಪದವಾದ ಕ್ಷಣವನ್ನು ಆಯ್ದು ಕೊಡುವವರಿಗೆ ಬರಗಾಲವಿಲ್ಲ.

ಇಲ್ಲಿಯೇ ಈ ಪ್ರಶ್ನೆಯ ನೈತಿಕ ಮರ್ಮವಿದೆ. ಹಿಂದೆ ಪರಪಕ್ಷದ ಮಾತನ್ನು ಕೇಳುವುದು ಸನ್ನಿವೇಶದ ಒತ್ತಾಯವಾಗಿತ್ತು. ಇಂದು ಅದು ಸ್ವಂತ ಇಚ್ಛೆಗೆ ಬಿಟ್ಟ ಕಾರ್ಯ. ಅನ್ನವಿಲ್ಲದೆ ಹಸಿದಿರುವುದು ಉಪವಾಸವ್ರತವಲ್ಲ. ಅನ್ನವಿದ್ದೂ ನಿಯಮದಿಂದಿರುವುದು ವ್ರತ. ಹಾಗೆಯೇ ಬೇರೆ ದಾರಿಯಿಲ್ಲದೆ ಎದುರಾಳಿಯ ಮಾತನ್ನು ಕೇಳುವುದರಲ್ಲಿ ಹೆಚ್ಚಿನ ಪುಣ್ಯವೇನೂ ಇಲ್ಲ. ಬೆರಳ ತುದಿಯಿಂದ ಅದನ್ನು ಅಡಗಿಸುವ ಅಧಿಕಾರವಿದ್ದೂ ಅಡಗಿಸದೆ, ಮನವಿಟ್ಟು ಕೇಳುವುದು ಒಂದು ನೇಮವಾಗುತ್ತದೆ. ಯಂತ್ರವು ಮನುಷ್ಯನಿಗೆ ಕೊಟ್ಟ ಸ್ವಾತಂತ್ರ್ಯವು ಅವನ ಹೊಣೆಯನ್ನು ಹಗುರಗೊಳಿಸಲಿಲ್ಲ, ಹೆಚ್ಚಿಸಿತು.

ಆದರೆ ನೋಡಿದ ಮಾತ್ರಕ್ಕೆ ಕೇಳಿದಂತಾಗುವುದಿಲ್ಲ. ಎದುರುಪಕ್ಷದ ಸಭೆಯನ್ನು ತಪ್ಪದೆ ನೋಡುವವರಲ್ಲಿಯೂ ಹಲವರು ಅದನ್ನು ಕೇಳುವುದಿಲ್ಲ. ಇವರಲ್ಲಿ ಮೂರು ತರದವರನ್ನು ಗುರುತಿಸಬಹುದು. ನಗುವುದಕ್ಕಾಗಿಯೇ ನೋಡುವವರು ಮೊದಲನೆಯವರು. ಒಬ್ಬನ ಟೋಪಿ, ಇನ್ನೊಬ್ಬಳ ಉಡುಪು, ಮತ್ತೊಬ್ಬನ ತೊದಲು ಮಾತು ಇವರಿಗೆ ಸಾಕು. ಕ್ರೋಧವನ್ನು ಮೇಯಿಸುವುದಕ್ಕಾಗಿ ನೋಡುವವರು ಎರಡನೆಯವರು. ತಾವು ದ್ವೇಷಿಸುವವರು ದ್ವೇಷಕ್ಕೆ ಅರ್ಹರೆಂಬ ನಂಬಿಕೆಗೆ ದಿನವೂ ಹೊಸ ಆಹಾರವು ಬೇಕಾಗಿರುತ್ತದೆ. ಮೂರನೆಯವರು ರಕ್ತಸಂಬಂಧವನ್ನು ಎಣಿಸುವವರು. 2024ರ ಜುಲೈ ತಿಂಗಳಲ್ಲಿ ಮಿಲ್ವಾಕಿಯ ರಿಪಬ್ಲಿಕನ್ ಅಧಿವೇಶನದಲ್ಲಿ, ತೆಲುಗು ಮೂಲದ ಉಷಾ ವ್ಯಾನ್ಸ್ ಅವರು ಉಪಾಧ್ಯಕ್ಷಾಭ್ಯರ್ಥಿಯಾಗಿದ್ದ ತಮ್ಮ ಪತಿಯನ್ನು ಸಭೆಗೆ ಪರಿಚಯಿಸಿದರು. ಆಗಸ್ಟ್ ತಿಂಗಳಲ್ಲಿ ಷಿಕಾಗೋದ ಡೆಮಾಕ್ರಟಿಕ್ ಅಧಿವೇಶನದಲ್ಲಿ, ಮದರಾಸಿನಿಂದ ಹೋದ ತಾಯಿಯ ಮಗಳಾದ ಕಮಲಾ ಹ್ಯಾರಿಸ್ ಅವರು ಅಧ್ಯಕ್ಷಾಭ್ಯರ್ಥಿಯಾಗಿ ಭಾಷಣ ಮಾಡಿದರು. ಇಂತಹವರನ್ನು ಕಂಡಾಗ ಭಾರತೀಯರ ಮನೆಗಳಲ್ಲಿ ಅಭಿಮಾನವುಂಟಾಗುವುದು ಸಹಜ. ಆದರೆ ಇವರು ನಮ್ಮ ಕುಲದವರೆಂದು ಹಿಗ್ಗುವುದೂ, ಅವರು ಅನ್ಯರೆಂದು ಮುಖ ತಿರುಗಿಸುವುದೂ ವಿಚಾರವಲ್ಲ. ಮನುಷ್ಯನ ಬೆಲೆಯನ್ನು ಹುಟ್ಟಿನಿಂದ ಎಣಿಸಬಾರದೆಂದು ಶರಣರು ಸಾರಿದುದು ಮಾತಿನ ಬೆಲೆಗೂ ಅನ್ವಯಿಸುತ್ತದೆ.

ಈ ಮೂವರಿಗೂ ಸಾಮಾನ್ಯವಾದ ದೋಷವೊಂದಿದೆ. 2012ರ ಆಗಸ್ಟ್ 30ರಂದು ಟ್ಯಾಂಪಾ ನಗರದ ರಿಪಬ್ಲಿಕನ್ ಅಧಿವೇಶನದಲ್ಲಿ ಪ್ರಖ್ಯಾತ ನಟರಾದ ಕ್ಲಿಂಟ್ ಈಸ್ಟ್‌ವುಡ್ ಅವರು ವೇದಿಕೆಯ ಮೇಲೆ ಒಂದು ಬರಿದಾದ ಕುರ್ಚಿಯನ್ನು ಇರಿಸಿಕೊಂಡು, ಅದರಲ್ಲಿ ಅಧ್ಯಕ್ಷ ಒಬಾಮರು ಕುಳಿತಿದ್ದಾರೆಂದು ಭಾವಿಸಿ, ಅದರೊಡನೆ ಸಂಭಾಷಿಸಿದರು. ಸಭಿಕರು ನಕ್ಕರು, ಎದುರುಪಕ್ಷದವರು ಆ ನಟರನ್ನೇ ನೋಡಿ ನಕ್ಕರು. ಆದರೆ ನಕ್ಕವರಲ್ಲಿ ಎಷ್ಟು ಜನರ ಮನೆಯಲ್ಲಿ ಅಂತಹ ಕುರ್ಚಿಯೊಂದು ಇಲ್ಲ? ಎದುರಾಳಿಯನ್ನು ಎದುರಿಗೆ ಕರೆಯದೆ, ಅವನ ಸ್ಥಾನದಲ್ಲಿ ಬರಿದಾದ ಪೀಠವನ್ನಿಟ್ಟು, ಅವನ ಬಾಯಲ್ಲಿ ತನಗೆ ಬೇಕಾದ ಮಾತನ್ನು ತುಂಬಿ, ತಾನೇ ಅದಕ್ಕೆ ಉತ್ತರ ಕೊಟ್ಟು ಗೆದ್ದವನಂತೆ ಬೀಗುವುದು ಎಲ್ಲ ಪಕ್ಷದವರಲ್ಲಿಯೂ ಕಾಣುವ ದೌರ್ಬಲ್ಯ. ಮುಂದೆ ದೂರದರ್ಶನವು ಮಾತನಾಡುತ್ತಿದ್ದರೂ ನೋಡುವವನು ಆ ಕಲ್ಪಿತ ಎದುರಾಳಿಯೊಡನೆಯೇ ಜಗಳವಾಡುತ್ತಿರುತ್ತಾನೆ.

ಕಣ್ಣು ಕಂಡುದೆಲ್ಲವೂ ಸತ್ಯವೆಂದು ನಂಬುವುದಕ್ಕೂ ಆಸ್ಪದವಿಲ್ಲ. 1968ರ ಆಗಸ್ಟ್ 28ರ ರಾತ್ರಿ ಷಿಕಾಗೋ ನಗರದಲ್ಲಿ ಡೆಮಾಕ್ರಟಿಕ್ ಅಧಿವೇಶನವು ನಡೆಯುತ್ತಿದ್ದಾಗ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬೀದಿಯಲ್ಲಿ ಸೇರಿದ್ದ ತರುಣರನ್ನು ಪೊಲೀಸರು ಲಾಠಿಗಳಿಂದ ಥಳಿಸಿದರು. ಆ ದೃಶ್ಯವನ್ನು ದೇಶದ ಜನರು ತಮ್ಮ ತಮ್ಮ ಮನೆಗಳಲ್ಲಿ ಕಂಡರು. ಕಂಡವರೆಲ್ಲರೂ ಪೊಲೀಸರನ್ನು ದೂಷಿಸುವರೆಂದು ತರುಣರು ನಂಬಿದ್ದರು. ಆದರೆ ಅನಂತರ ನಡೆದ ಜನಾಭಿಪ್ರಾಯ ಪರೀಕ್ಷೆಗಳಲ್ಲಿ ಹೆಚ್ಚಿನವರು ಪೊಲೀಸರ ಪರವಾಗಿಯೇ ನುಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕಟವಾದ ವಾಕರ್ ವರದಿಯು, ಅಂದು ನಡೆದುದು ಪೊಲೀಸರದೇ ದೊಂಬಿಯೆಂದು ಬಣ್ಣಿಸಿತು. ಚಿತ್ರವು ಒಂದೇ, ಕಣ್ಣುಗಳು ಬೇರೆ ಬೇರೆ. ಪ್ರತಿಯೊಬ್ಬನೂ ತಾನು ತಂದುದನ್ನೇ ಅಲ್ಲಿ ಕಂಡನು. ಆದುದರಿಂದ ಯಂತ್ರವನ್ನು ಹಚ್ಚುವ ಮೊದಲು ಮನಸ್ಸನ್ನು ಒಂದಿಷ್ಟು ಖಾಲಿಮಾಡಿಕೊಳ್ಳದಿದ್ದರೆ ನೋಟವು ಹಳೆಯ ನಂಬಿಕೆಗೆ ಹೊಸ ಬಣ್ಣವನ್ನು ಬಳಿಯುವುದಷ್ಟೆ.

ಈ ವಿಷಯದಲ್ಲಿ ಒಂದು ಆಕ್ಷೇಪವು ಬರಬಹುದು. ಇಂದಿನ ಅಧಿವೇಶನವು ಕೇವಲ ಪ್ರದರ್ಶನ; ಪ್ರತಿಯೊಂದು ಮಾತೂ ಮೊದಲೇ ಬರೆದು ಒಪ್ಪಿಸಿದುದು; ಚಪ್ಪಾಳೆಯೂ ಯೋಜನೆಯ ಭಾಗ. 1952ರ ತರುವಾಯ ಈ ಎರಡು ಪಕ್ಷಗಳ ಯಾವ ಅಧಿವೇಶನವೂ ಅಧ್ಯಕ್ಷಾಭ್ಯರ್ಥಿಯನ್ನು ಆರಿಸುವುದಕ್ಕೆ ಎರಡನೆಯ ಸಲ ಮತ ಹಾಕುವ ಪ್ರಸಂಗವು ಬಂದಿಲ್ಲ. ತೀರ್ಮಾನವಾದುದನ್ನೇ ಘೋಷಿಸುವ ಜಾತ್ರೆಯನ್ನು ನೋಡಿ ತಿಳಿಯುವುದೇನಿದೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಜಾತ್ರೆಯ ತೇರನ್ನು ಶೃಂಗರಿಸಿದವರ ಕೈಗೆಲಸದಲ್ಲಿಯೂ ಅವರ ಮನಸ್ಸು ತಿಳಿಯುತ್ತದೆ. ಒಂದು ಪಕ್ಷವು ತಾನು ಹೇಗೆ ಕಾಣಿಸಿಕೊಳ್ಳಲು ಬಯಸುತ್ತದೆ, ಯಾವುದನ್ನು ಹೆಮ್ಮೆಯಿಂದ ಹೇಳುತ್ತದೆ, ಯಾವುದನ್ನು ಮರೆಮಾಡುತ್ತದೆ ಎಂಬುದು ಪ್ರದರ್ಶನದಿಂದಲೇ ತಿಳಿದುಬರುವ ವಿಷಯ. ಅಲ್ಲದೆ ಬರೆದು ಒಪ್ಪಿಸಿದ ಮಾತಿನ ನಡುವೆಯೂ ಒಮ್ಮೊಮ್ಮೆ ಹೃದಯದ ಮಾತು ಹೊರಡುವುದುಂಟು.

1992ರ ವೃತ್ತಾಂತವು ಇದಕ್ಕೆ ದೃಷ್ಟಾಂತವಾಗಿದೆ. ಏಡ್ಸ್ ರೋಗಕ್ಕೆ ಅಂದು ಸಮರ್ಥವಾದ ಚಿಕಿತ್ಸೆಯಿರಲಿಲ್ಲ. ರೋಗಿಗಳನ್ನು ಪಾಪಿಗಳೆಂದು ದೂರವಿರಿಸುವ ಜನರು ಎಲ್ಲೆಡೆಯೂ ಇದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಡೆಮಾಕ್ರಟಿಕ್ ಅಧಿವೇಶನದಲ್ಲಿ ಎಲಿಜಬೆತ್ ಗ್ಲೇಸರ್ ಎಂಬ ತಾಯಿಯು ಮಾತನಾಡಿದಳು. 1981ರಲ್ಲಿ ಹೆರಿಗೆಯ ಸಮಯದಲ್ಲಿ ಕೊಟ್ಟ ರಕ್ತದಿಂದ ಅವಳಿಗೆ ಸೋಂಕು ತಗಲಿತ್ತು. ಅವಳ ಮಗಳು ಏರಿಯಲ್ 1988ರಲ್ಲಿ ಆ ರೋಗದಿಂದ ತೀರಿಕೊಂಡಿದ್ದಳು. ಆಳುವ ಪಕ್ಷದ ಔದಾಸೀನ್ಯವನ್ನು ಅವಳು ಖಂಡಿಸಿದಳು. ಒಂದು ತಿಂಗಳಾದ ಮೇಲೆ, ಆಗಸ್ಟ್ 19ರಂದು, ಹ್ಯೂಸ್ಟನ್ ನಗರದಲ್ಲಿ ಸೇರಿದ್ದ ಆ ಆಳುವ ರಿಪಬ್ಲಿಕನ್ ಪಕ್ಷದ ವೇದಿಕೆಯ ಮೇಲೆಯೇ ಮೇರಿ ಫಿಶರ್ ಎಂಬ ಇನ್ನೊಬ್ಬ ತಾಯಿಯು ನಿಂತಳು. ಅವಳಿಗೆ ಗಂಡನಿಂದ ಸೋಂಕು ತಗಲಿತ್ತು. ಇಬ್ಬರು ಎಳೆಯ ಮಕ್ಕಳಿದ್ದರು. ಈ ರೋಗವು ಮನುಷ್ಯನ ಪಕ್ಷವನ್ನಾಗಲಿ ಬಣ್ಣವನ್ನಾಗಲಿ ಕೇಳಿ ಬರುವುದಿಲ್ಲವೆಂದೂ, ಮೌನವನ್ನು ಮುರಿಯಬೇಕೆಂದೂ ಅವಳು ತನ್ನ ಪಕ್ಷದವರನ್ನು ಬೇಡಿಕೊಂಡಳು. ತನ್ನ ಪಕ್ಷದ ಸಭೆಯನ್ನು ಮಾತ್ರ ನೋಡಿದ ಡೆಮಾಕ್ರಟಿಕ್ ಗೃಹಸ್ಥನು, ಕರುಣೆಯು ತಮ್ಮವರ ಸೊತ್ತೆಂದು ತಿಳಿದು ಮಲಗಿರಬಹುದು. ಎರಡನ್ನೂ ನೋಡಿದವನಿಗೆ ತಾಯಿಯ ದುಃಖವು ಎರಡು ಬಾವುಟಗಳ ಕೆಳಗೂ ಒಂದೇ ಎಂಬುದು ಕಂಡಿತು. ಹಾಗೆಂದು ಎರಡು ಪಕ್ಷಗಳ ನೀತಿಗಳು ಒಂದೇ ಆಗಲಿಲ್ಲ. ಯಾರು ಎಷ್ಟು ಮಾಡಿದರು ಎಂಬ ಲೆಕ್ಕವು ಅಳಿಸಿಹೋಗಲಿಲ್ಲ. ಆದರೆ ಎದುರಿಗಿರುವವರು ಕಲ್ಲುಗಳಲ್ಲ, ಮನುಷ್ಯರು ಎಂಬ ಅರಿವಿನಿಂದ ಆ ಲೆಕ್ಕವನ್ನು ಕೇಳುವುದು ಸಾಧ್ಯವಾಯಿತು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಎದುರುಪಕ್ಷದ ಸಭೆಯಲ್ಲಿ ಅನ್ಯಾಯದ ಮಾತು ಕೇಳಿಬಂದರೆ? ಆ ಮಾತು ತನ್ನ ಮೇಲೆಯೇ ಗುರಿಯಿಟ್ಟುದಾದರೆ? 2024ರಲ್ಲಿ ಮಿಲ್ವಾಕಿಯ ಸಭಾಂಗಣದಲ್ಲಿ, ಅನುಮತಿಯಿಲ್ಲದೆ ನೆಲೆಸಿದ ವಲಸೆಗಾರರನ್ನು ಸಾಮೂಹಿಕವಾಗಿ ದೇಶದಿಂದ ಹೊರಗೆ ಕಳುಹಿಸಬೇಕೆಂಬ ಫಲಕಗಳನ್ನು ಅನೇಕ ಪ್ರತಿನಿಧಿಗಳು ಎತ್ತಿಹಿಡಿದರು. ಹಿಡಿದವರ ದೃಷ್ಟಿಯಲ್ಲಿ ಅದು ಕಾನೂನಿನ ಪಾಲನೆಯ ಮಾತು. ಆದರೆ ಮನೆಯಲ್ಲಿ ಕುಳಿತು ಅದನ್ನು ಕಂಡ ವಲಸೆಗಾರ ತಂದೆಗೆ, ಪಕ್ಕದಲ್ಲಿದ್ದ ಮಗುವು "ಇದು ಯಾರ ವಿಷಯ?" ಎಂದು ಕೇಳಿದರೆ ಏನು ಹೇಳಬೇಕು? ಅವನಿಗೆ, ಶಾಂತನಾಗಿ ಕುಳಿತು ಕೊನೆಯವರೆಗೂ ಕೇಳೆಂದು ಉಪದೇಶಿಸುವ ಅಧಿಕಾರವು ನಿರ್ಭಯನಾದ ಮೂರನೆಯವನಿಗಿಲ್ಲ. ಶ್ರವಣದ ನೇಮವು ಬಲವಿದ್ದವನ ಮೇಲೆ ಹೆಚ್ಚು ಬೀಳುತ್ತದೆ, ನೊಂದವನ ಮೇಲೆ ಕಡಿಮೆ ಬೀಳುತ್ತದೆ. ತನಗೆ ಯಾವ ಅಪಾಯವೂ ಇಲ್ಲದಿರುವಾಗ ಕೇಳಲೊಲ್ಲದವನು ಸೋಮಾರಿ. ಅಪಾಯದ ನಡುವೆ ಕೇಳಲಾರದವನು ಸೋಮಾರಿಯಲ್ಲ. ಈ ಭೇದವನ್ನು ಮರೆತರೆ ನೀತಿಯು ಕ್ರೌರ್ಯವಾಗುತ್ತದೆ.

ಕೇಳುವುದೆಂದರೆ ಒಪ್ಪುವುದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಪೂರ್ವಪಕ್ಷವನ್ನು ಸರಿಯಾಗಿ ನಿರೂಪಿಸಿದ ಶಾಸ್ತ್ರಕಾರನು ಅದನ್ನು ಖಂಡಿಸದೆ ಬಿಡುವುದಿಲ್ಲ. ಅಸತ್ಯವನ್ನು ಅಸತ್ಯವೆಂದು ಹೇಳುವುದಕ್ಕೇ ಅದನ್ನು ಸರಿಯಾಗಿ ಕೇಳಿಸಿಕೊಂಡಿರಬೇಕು. ಎಲ್ಲರಲ್ಲಿಯೂ ಸ್ವಲ್ಪ ಸತ್ಯ, ಸ್ವಲ್ಪ ಅಸತ್ಯ ಎಂದು ಕೈತೊಳೆದುಕೊಳ್ಳುವವನು ಸಮದರ್ಶಿಯಲ್ಲ. ಅವನು ವಿಚಾರದ ಶ್ರಮವನ್ನು ತಪ್ಪಿಸಿಕೊಂಡವನು.

ಕೇಳಿಸದಂತೆ ಮಾಡುವ ಪ್ರಯತ್ನವು ಪರಪಕ್ಷದವರಿಂದಲೇ ಬರುವುದೆಂದು ತಿಳಿಯಬಾರದು. 1964ರ ಆಗಸ್ಟ್ 22ರಂದು, ಅಟ್ಲಾಂಟಿಕ್ ಸಿಟಿಯಲ್ಲಿ ಡೆಮಾಕ್ರಟಿಕ್ ಅಧಿವೇಶನದ ಅರ್ಹತಾ ಸಮಿತಿಯ ಮುಂದೆ ಫ್ಯಾನಿ ಲೂ ಹೇಮರ್ ಎಂಬ ಕರಿಯ ಮಹಿಳೆಯು ಸಾಕ್ಷ್ಯ ನುಡಿದಳು. ಅವಳು ಮಿಸಿಸಿಪ್ಪಿ ರಾಜ್ಯದ ಹತ್ತಿಹೊಲಗಳಲ್ಲಿ ದುಡಿದವಳು. ಮತದಾರಳಾಗಿ ಹೆಸರನ್ನು ನೋಂದಾಯಿಸಲು ಹೋದುದಕ್ಕಾಗಿ 1962ರಲ್ಲಿ ಅವಳನ್ನು ಹೊಲದೊಡೆಯನು ಹೊರಗಟ್ಟಿದನು. 1963ರಲ್ಲಿ ವಿನೋನ ಊರಿನ ಸೆರೆಮನೆಯಲ್ಲಿ ಅವಳನ್ನು ಕ್ರೂರವಾಗಿ ಹೊಡೆಯಲಾಯಿತು. ಅವಳು ಇದನ್ನು ಹೇಳುತ್ತಿರುವಾಗಲೇ, ಅವಳದೇ ಪಕ್ಷದ ಅಧ್ಯಕ್ಷ ಜಾನ್ಸನ್ನರು ಅವಸರದಿಂದ ಪತ್ರಿಕಾಗೋಷ್ಠಿಯನ್ನು ಕರೆದರು. ಕ್ಯಾಮೆರಾಗಳು ಅವಳನ್ನು ಬಿಟ್ಟು ಅವರ ಕಡೆಗೆ ತಿರುಗಿದವು. ಆದರೆ ಅಂದಿನ ಸಂಜೆಯ ವಾರ್ತೆಯಲ್ಲಿ ಅವಳ ಸಾಕ್ಷ್ಯವು ಪ್ರಸಾರವಾಗಿ ಲಕ್ಷಾಂತರ ಮನೆಗಳನ್ನು ತಲಪಿತು. ಅವಳ ಗುಂಪಿಗೆ ಪಕ್ಷವು ಎರಡೇ ಸ್ಥಾನಗಳನ್ನು ಕೊಡಲು ಮುಂದಾಯಿತು. ಗುಂಪು ಅದನ್ನು ನಿರಾಕರಿಸಿತು. ನಾಲ್ಕು ವರ್ಷಗಳ ತರುವಾಯ 1968ರ ಅಧಿವೇಶನದಲ್ಲಿ ಅವಳು ಮಿಸಿಸಿಪ್ಪಿಯ ಅಧಿಕೃತ ಪ್ರತಿನಿಧಿಗಳಲ್ಲೊಬ್ಬಳಾಗಿ ಕುಳಿತಳು.

ಇದು ಹಳೆಯ ಕಥೆಯೆಂದು ಸುಮ್ಮನಿರುವಂತಿಲ್ಲ. 1964ರಲ್ಲಿಯೇ ಸ್ಯಾನ್ ಫ್ರಾನ್ಸಿಸ್ಕೊದ ಬಳಿ ಸೇರಿದ ರಿಪಬ್ಲಿಕನ್ ಅಧಿವೇಶನದಲ್ಲಿ, ಉಗ್ರವಾದವನ್ನು ವಿರೋಧಿಸಿ ಮಾತನಾಡಿದ ನೆಲ್ಸನ್ ರಾಕ್‌ಫೆಲರ್ ಅವರನ್ನು ಅವರ ಪಕ್ಷದವರೇ ಕೂಗಿ ತಡೆದರು. 2024ರಲ್ಲಿ ಷಿಕಾಗೋದಲ್ಲಿ, ಗಾಜಾ ಯುದ್ಧದಿಂದ ನೊಂದ ಕೆಲವು ಡೆಮಾಕ್ರಟಿಕ್ ಪ್ರತಿನಿಧಿಗಳು ಪ್ಯಾಲೆಸ್ಟೈನ್ ಮೂಲದ ಒಬ್ಬ ಅಮೆರಿಕನ್ನರಿಗೆ ವೇದಿಕೆಯ ಮೇಲೆ ಮಾತನಾಡಲು ಅವಕಾಶ ಬೇಡಿದರು, ಅದು ದೊರೆಯಲಿಲ್ಲ. ಎದುರುಪಕ್ಷದ ಮಾತನ್ನು ಕೇಳಲೊಲ್ಲದ ಕಿವಿಯು ಕ್ರಮೇಣ ಸ್ವಪಕ್ಷದ ನೊಂದವರ ಮಾತಿಗೂ ಮುಚ್ಚಿಕೊಳ್ಳುತ್ತದೆ. ಶತ್ರುವಿನ ಮುಂದೆ ಒಡಕು ಕಾಣಬಾರದೆಂಬುದೇ ಅದಕ್ಕೆ ನೆಪ. ಹಾಗೆಯೇ ಎದುರಾಳಿಯ ಮಾತಿಗೆ ಕಿವಿಗೊಡಲು ಕಲಿತವನು ತನ್ನ ಮನೆಯ ಮೂಲೆಯಲ್ಲಿ ಮೌನವಾಗಿ ಕುಳಿತವರ ನೋವನ್ನೂ ಕೇಳಬಲ್ಲವನಾಗುತ್ತಾನೆ. ಕಿವಿಯು ಒಂದೇ.

ಶರಣರ ಚರಿತ್ರೆಯಲ್ಲಿ ಈ ತತ್ತ್ವಕ್ಕೆ ಬೆಳಕು ಬೀರುವ ಎರಡು ಪ್ರಸಂಗಗಳಿವೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಪತ್ನಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಮರಳಿ ಹಾಕಿ ಬರುವಂತೆ ಹೇಳಿದಳು. ಮಾರಯ್ಯನು ಮಾತನಾಡಿದವರು ಯಾರೆಂದು ನೋಡಲಿಲ್ಲ, ಮಾತು ದಿಟವೋ ಎಂದು ನೋಡಿದನು, ಅದರಂತೆ ನಡೆದನು. ಇನ್ನೊಂದು ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಕೆರೆಕಟ್ಟೆಗಳ ಕಾಯಕದಲ್ಲಿ ತೊಡಗಿದ್ದ ಸಿದ್ಧರಾಮನನ್ನು ನಿಷ್ಠುರವಾಗಿ ನುಡಿದಾಗ, ಅವನ ಜನರು ಕಲ್ಲುಗಳನ್ನು ಬೀರಿದರು. ಸಿದ್ಧರಾಮನಾದರೂ ಮೊದಲು ಕೋಪದಿಂದಲೇ ಬಂದನು. ಆದರೆ ಬಂದು ನಿಂತು ಕೇಳಿದನು. ಕಲ್ಲು ಬೀರಿದವರು ಇದ್ದಲ್ಲಿಯೇ ಉಳಿದರು. ಕೇಳಿದವನು ಕಲ್ಯಾಣದ ದಾರಿಯನ್ನು ಹಿಡಿದನು. ತನ್ನ ನಾಯಕನಿಗಾಗಿ ಕಲ್ಲೆತ್ತುವ ಅನುಯಾಯಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇಂದಿನ ಕಲ್ಲು ಬಹುಮಟ್ಟಿಗೆ ಮಾತಿನದು.

ಇನ್ನು ಆಚರಣೆಯ ವಿಷಯ. ಎದುರುಪಕ್ಷದ ಅಧಿವೇಶನದ ನಾಲ್ಕು ದಿನಗಳನ್ನೂ ನೋಡುವುದಕ್ಕೆ ಕಾಯಕನಿರತನಾದ ಗೃಹಸ್ಥನಿಗೆ ಬಿಡುವಿರುವುದಿಲ್ಲ. ಅದು ಅವಶ್ಯವೂ ಅಲ್ಲ. ಒಂದೆರಡು ಮುಖ್ಯವಾದ ಭಾಷಣಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರೆ ಸಾಕು. 1979ರಲ್ಲಿ ಸ್ಥಾಪಿತವಾದ ಸಿ-ಸ್ಪ್ಯಾನ್ ವಾಹಿನಿಯು 1984ರಿಂದ ಎರಡು ಪಕ್ಷಗಳ ಅಧಿವೇಶನಗಳನ್ನೂ ಆದ್ಯಂತವಾಗಿ, ನಡುವೆ ವ್ಯಾಖ್ಯಾ​ನಕಾರರ ಮಾತನ್ನು ಬೆರೆಸದೆ ತೋರಿಸುತ್ತ ಬಂದಿದೆ. ಮೂಲವನ್ನು ಕೇಳಿದ ಬಳಿಕ ವ್ಯಾಖ್ಯಾನವನ್ನು ಕೇಳಬಹುದು. ವ್ಯಾಖ್ಯಾನವನ್ನು ಕೇಳಿ ಮೂಲವನ್ನು ಬಿಟ್ಟುಬಿಡುವುದು ಪರರ ಎಂಜಲನ್ನು ಉಂಡಂತೆ. ಭಾಷಣವು ಮುಗಿದ ಮೇಲೆ ನೋಡಿದವನು ತನ್ನಲ್ಲಿಯೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮಾತನಾಡಿದವನು ಒಪ್ಪುವಂತೆ ಅವನ ಮಾತಿನ ಸಾರವನ್ನು ಹೇಳುವುದು ಸಾಧ್ಯವೆ? ಅದರಲ್ಲಿ ದಿಟವಾದ ಅಂಶವೊಂದಾದರೂ ಇತ್ತೆ? ಇದೇ ತಪ್ಪು ಮಾತನ್ನು ಸ್ವಪಕ್ಷದವನು ಆಡಿದ್ದರೆ ಮನಸ್ಸು ಇಷ್ಟೇ ಕೆರಳುತ್ತಿತ್ತೆ? ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ಕಠಿನವಾದುದು. ಒಂದು ಮಾಪಿನಿಂದ ಕೊಂಡು ಇನ್ನೊಂದು ಮಾಪಿನಿಂದ ಮಾರುವ ವರ್ತಕನನ್ನು ಊರು ಕಳ್ಳನೆನ್ನುತ್ತದೆ. ಎರಡು ಮಾಪುಗಳಿಂದ ಸತ್ಯವನ್ನು ಅಳೆಯುವವನು ತನ್ನನ್ನು ಪಕ್ಷನಿಷ್ಠನೆಂದು ಕರೆದುಕೊಳ್ಳುತ್ತಾನೆ.

ಮನೆಯಲ್ಲಿ ಮಕ್ಕಳಿದ್ದರೆ ಈ ನೇಮಕ್ಕೆ ಇನ್ನೂ ಹೆಚ್ಚಿನ ತೂಕವುಂಟು. ಮಕ್ಕಳು ಭಾಷಣವನ್ನು ಕೇಳುವುದಿಲ್ಲ, ಭಾಷಣವನ್ನು ಕೇಳುವ ಹಿರಿಯರನ್ನು ನೋಡುತ್ತಾರೆ. ತಂದೆಯು ಎದುರುಪಕ್ಷದವರನ್ನು ಕಂಡೊಡನೆ ಬೈದು ಯಂತ್ರವನ್ನು ನಂದಿಸಿದರೆ, ಒಪ್ಪದವರನ್ನು ನಂದಿಸಬಹುದೆಂಬ ಪಾಠವು ಮಗುವಿಗಾಗುತ್ತದೆ. ಮುಂದೆ ಆ ಮಗುವು ಬೆಳೆದು, ತಂದೆಯೊಡನೆಯೇ ಭಿನ್ನಾಭಿಪ್ರಾಯ ಬಂದ ದಿನ, ಆ ಪಾಠವನ್ನು ತಂದೆಯ ಮೇಲೆಯೇ ಪ್ರಯೋಗಿಸದೆಂದು ಯಾರು ಹೇಳಬಲ್ಲರು? ಪಕ್ಷಭೇದದಿಂದ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಆ ದೇಶದಲ್ಲಿಯೂ ಇವೆ, ಈ ದೇಶದಲ್ಲಿಯೂ ಇವೆ. ಚುನಾವಣೆಯು ಒಂದು ದಿನದಲ್ಲಿ ಮುಗಿಯುತ್ತದೆ. ಮುರಿದ ಬಾಂಧವ್ಯವು ಮರಳಿ ಕೂಡುವುದಕ್ಕೆ ಕೆಲವು ವೇಳೆ ಒಂದು ಆಯುಷ್ಯವೂ ಸಾಲದು.

ಹೀಗೆ ಕೇಳಿದವನು ತನ್ನ ಪಕ್ಷವನ್ನು ಬಿಡಬೇಕೆಂದಿಲ್ಲ. ಬಹುಶಃ ಅವನು ಮೊದಲು ಹಾಕುತ್ತಿದ್ದ ಕಡೆಗೇ ಮತ ಹಾಕುವನು. ಆದರೆ ಮೊದಲು ಅಭ್ಯಾಸದಿಂದ ಹಾಕುತ್ತಿದ್ದುದನ್ನು ಈಗ ಅರಿವಿನಿಂದ ಹಾಕುವನು. ತನ್ನ ಪಕ್ಷವು ತಪ್ಪಿದಾಗ ಅದನ್ನು ತಿದ್ದುವ ಧೈರ್ಯವು ಅವನಲ್ಲಿರುವುದು. ಗೆದ್ದಾಗ ಸೋತವರನ್ನು ತುಳಿಯದ ವಿನಯವು ಇರುವುದು. ಸೋತಾಗ ದೇಶವೇ ಮುಳುಗಿತೆಂದು ಕಂಗೆಡದ ಸ್ಥೈರ್ಯವೂ ಇರುವುದು. ಗೆದ್ದವರೂ ಸೋತವರೂ ಮರುದಿನ ಬೆಳಗ್ಗೆ ಒಂದೇ ಬೀದಿಯಲ್ಲಿ ನಡೆಯಬೇಕಾದವರು, ಒಂದೇ ಕಾನೂನಿಗೆ ಒಳಪಟ್ಟು ಬಾಳಬೇಕಾದವರು. ಆದುದರಿಂದ ಎದುರುಪಕ್ಷದ ಮಾತು ಮನೆಯ ಹೊಸ್ತಿಲಿಗೆ ಬಂದಾಗ ಗೃಹಸ್ಥನು ಅದನ್ನು ಒಳಗೆ ಕರೆದು, ಕುಳ್ಳಿರಿಸಿ, ಪೂರ್ತಿಯಾಗಿ ಕೇಳಲಿ. ಅನಂತರ ನಿರ್ಭಯವಾಗಿ ತನ್ನ ಉತ್ತರವನ್ನು ಹೇಳಲಿ. ಉತ್ತರಕ್ಕೆ ಅಧಿಕಾರವು ದೊರೆಯುವುದು ಕೇಳಿದವನಿಗೇ ಹೊರತು ಕೂಗಿದವನಿಗಲ್ಲ.